ಒಂದೇ ಬಣ್ಣದ ದಾರ

ಅಕ್ಟೋಬರ್ 7, 2024. ಸೋಮವಾರ

ಮೆಣಸಿನಕಾಯಿ ಗಿಡದ ಐದು ಸಾಲು ಮುಗಿಸಿದೆ. ಇವತ್ತೂ ನಾನೇ ಮೊದಲು. ಭರಮವ್ವ ಎಂದಿನಂತೆ ನನ್ನ ಹಿಂದೆ ಹಿಂದೆಯೇ, ಒಂದೊಂದು ಗಿಡಕ್ಕೂ ನಿಂತು ನಿಂತು. ಅರವತ್ತು ದಾಟಿದ ಜೀವ. ಏನನ್ನುವುದು.

ಮೇಡ್ಲೇರಿಯಲ್ಲಿ ಗಿಡಗಳಿಗೆ ಬಲೆ ಹೊದಿಸಿದ ನಮ್ಮ ನೆಟ್‌ಹೌಸಿಗೆ ಹೊಸಬಳು ಬಂದಳು. ಶೀಲಾ. ಅದೇ ಊರಿನವಳು, ಗಂಡನನ್ನು ಬಿಟ್ಟು ಮಗುವಿನ ಜೊತೆ ತವರಿಗೆ ಬಂದಿದ್ದಾಳೆ, ಪಿಯುಸಿ ಓದಿದ್ದಾಳೆ. ಕಲಿಸುವ ಕೆಲಸ ನನಗೇ ಬಿತ್ತು. ನಾಳೆ ಅರಳಬೇಕಾದ ಮೆಣಸಿನ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಚಿಮಟದಿಂದ ಬಿಡಿಸಬೇಕು. ಒಳಗಿನ ಕೇಸರ ಐದಿರಲಿ, ಆರಿರಲಿ, ಒಂದೂ ಉಳಿಯದಂತೆ ಕೀಳಬೇಕು. ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಪುಡಿ ಹಚ್ಚಿ ತೊಟ್ಟಿಗೆ ದಾರ ಕಟ್ಟಬೇಕು. ಒಂದೇ ಒಂದು ಕೇಸರ ಉಳಿದರೂ ಹೂವು ತನ್ನ ಪಾಡಿಗೆ ತಾನು ಕಾಯಿ ಕಟ್ಟುತ್ತದೆ. ಆ ಬೀಜ ಹೈಬ್ರಿಡ್ ಅಲ್ಲ, ಬೀಜದ ಕಂಪನಿಗೆ ಕಸ. ಇಷ್ಟೇ ಕೆಲಸ. ಇಷ್ಟೇ ಅಂದರೆ — ಇಡೀ ದಿನ ಕತ್ತು ಬಗ್ಗಿಸಿ ಸಾಸಿವೆಯಷ್ಟರ ಜೊತೆ ಜಗಳ.

ಊಟಕ್ಕೆ ಶೀಲಾ ತನ್ನ ಡಬ್ಬಿ ತೆಗೆದು ಒಬ್ಬಳೇ ತಿನ್ನಲು ಕೂತಳು. ಮುಮ್ತಾಜಬಿ ನಕ್ಕಳು.

"ಏ ತಂಗೀ, ಇಲ್ಲಿ ಯಾರೂ ತಮ್ಮ ರೊಟ್ಟಿ ತಾವ ತಿನ್ನಂಗಿಲ್ಲ. ತಂದ ಇಲ್ಲಿ ಹಾಕು."

ಭರಮವ್ವ ಹಾಸಿದ ಬಟ್ಟೆಯ ಮೇಲೆ ಎಲ್ಲರ ರೊಟ್ಟಿ ಕೂಡಿಸುವುದು ನಮ್ಮ ರೂಢಿ. ಯಾರ ಮನೆಯದು ಯಾರ ಹೊಟ್ಟೆಗೋ. ಒಂಬತ್ತು ವರ್ಷದಿಂದ ಏಳು ಜನ ಹೀಗೇ ಉಂಡಿದ್ದೇವೆ. ರಾಣೇಬೆನ್ನೂರಿನ ನನ್ನ ಮನೆಗಿಂತ ಈ ನೆಟ್‌ಹೌಸಿನೊಳಗೇ ನನಗೆ ಜೀವ ಹಗುರ. ಬರೆಯಲು ನಾಚಿಕೆ. ಆದರೂ ನಿಜ.

ಅಕ್ಟೋಬರ್ 14, ಸೋಮವಾರ

ದಾರದ ವಿಷಯ ಇತ್ಯರ್ಥವಾಯಿತು.

ಇಲ್ಲಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಉಲನ್ ದಾರ. ನನಗೆ ಹಳದಿ, ಮೈಲವ್ವನಿಗೆ ಹಸಿರು, ಹೀಗೆ. ಯಾವ ಹೂವು ಯಾರ ಕೈಯದೆಂದು ಕಂಪನಿಗೆ ತಿಳಿಯಲಿ ಎಂದು. ಹೋದ ವರ್ಷ ಹಸಿರು ದಾರದ ಕಾಯಿ ಕೆಟ್ಟಿತೆಂದು ಆಫೀಸಿನ ಶಶಿಕಾಂತ ಸರ್ ಮೈಲವ್ವನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದರು. ಎರಡು ದಿನ ಅವಳ ಕಣ್ಣೀರು ಬತ್ತಿರಲಿಲ್ಲ.

ಈ ಸಲ ನಾನೇ ಅಂದೆ: ಎಲ್ಲರೂ ಕೆಂಪು ಕಟ್ಟೋಣ. ಒಂದೇ ಬಣ್ಣ. ತಪ್ಪಾದರೆ ಎಂಟೂ ಜನರದು, ಸರಿಯಾದರೆ ಎಂಟೂ ಜನರದು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಮ್ತಾಜಬಿಯೇ ಮೊದಲು — "ಚಲೋ ಆತು ಬಿಡು, ಹಂಗ ಮಾಡೂನು." ಇಷ್ಟು ಬೇಗ ಒಪ್ಪುತ್ತಾರೆಂದು ಎಣಿಸಿರಲಿಲ್ಲ.

ಒಳಗಿನ ಕಾರಣ ಯಾರಿಗೂ ಹೇಳಿಲ್ಲ. ಭರಮವ್ವನಿಗೆ ಹೋದ ವರ್ಷ ಕಣ್ಣಿನ ಪೊರೆ ತೆಗೆದಿದ್ದಾರೆ. ಆಕೆಯ ಕೈಯ ಮೇಲೆ ನನಗೆ ನಂಬಿಕೆಯಿಲ್ಲ. ಸಿಕ್ಕಿಬಿದ್ದರೆ ಆಕೆಯನ್ನು ಬಿಡಿಸಿ ಕಳಿಸುತ್ತಾರೆ. ಆಕೆ ಇಲ್ಲದ ಗ್ಯಾಂಗ್ ಎಂಥ ಗ್ಯಾಂಗು? ಶಶಿಕಾಂತ ಸರ್‌ಗೆ "ಅಂಗಡ್ಯಾಗ ಬ್ಯಾರೆ ಬಣ್ಣ ಸಿಗಲಿಲ್ರಿ" ಎಂದೆ. "ಟೀಮ್ ಅಂದ್ರ ಹಿಂಗಿರಬೇಕ್ರಿ, ಒಂದ ಬಣ್ಣ!" ಎಂದು ಫೋಟೊ ತೆಗೆದುಕೊಂಡು ಹೋದರು.

ಅಕ್ಟೋಬರ್ 25, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಶೀಲಾ, ಕೆಲಸಕ್ಕೆ ಬಂದು ಮೂರು ವಾರದ ಕೂಸು. ಎಲ್ಲರೆದುರು ಬಂದು ಹೇಳುತ್ತಾಳೆ — "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮೂರನೇ ಸಾಲಿನ್ಯಾಗ ನೀವು ಬಿಡಿಸಿದ ಹೂವಿನ್ಯಾಗ ಕೇಸರ ಉಳದಾವ. ನಾಲ್ಕ ಹೂವು ನೋಡಿದೆ, ನಾಲ್ಕರಾಗೂ ಅದಾವ."

"ನಿನಗ ಚಿಮಟ ಹಿಡಿಯೂದ ಕಲಿಸಿದಾಕಿ ಯಾರ?" ಅಂದೆ.

"ನೀವ ರೀ. ಅದಕ್ಕ ಹೇಳಾಕತ್ತೇನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ನನ್ನ ನೆಲ ಡೊಂಕು ಅನ್ನುತ್ತಾಳೆ. ಭರಮವ್ವ ನಡುವೆ ಬಂದು, "ಹೋಗ್ಲಿ ಬಿಡವ್ವಾ, ನಿನ್ನ ಸಾಲು ನೀ ನೋಡಿಕೋ" ಎಂದು ಅವಳನ್ನು ಆಚೆ ಕಳಿಸಿದಳು. ಮುಮ್ತಾಜಬಿ ನನ್ನ ಬೆನ್ನು ಸವರಿದಳು. ನನ್ನ ಜನ.

ಅಕ್ಟೋಬರ್ 28

ಶೀಲಾಳನ್ನು ಊಟಕ್ಕೆ ಯಾರೂ ಕರೆಯಲಿಲ್ಲ. ನೀರಿನ ಡ್ರಮ್ಮಿನ ಹತ್ತಿರ ಒಬ್ಬಳೇ ಕೂತು ಉಂಡಳು. ನಾನು ಯಾರಿಗೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಖುಷಿಯಾಯಿತು. ಬರೆದೇ ಬಿಡುತ್ತೇನೆ — ಖುಷಿಯಾಯಿತು.

ನವೆಂಬರ್ 8, ಶುಕ್ರವಾರ

ಸೊಂಟ ಬಿದ್ದುಹೋಗಿದೆ. ಭರಮವ್ವನಿಗೆ ಮೂರು ದಿನದಿಂದ ಜ್ವರ. ಮುಮ್ತಾಜಬಿ ತಂಗಿಯ ಮಗಳ ಮದುವೆಗೆ ಹಾವೇರಿಗೆ ಹೋದವಳು ಇನ್ನೂ ಬಂದಿಲ್ಲ. ಹೂವು ಯಾರಿಗೂ ಕಾಯುವುದಿಲ್ಲ. ಇಬ್ಬರ ಸಾಲನ್ನೂ ನಾನೇ ಎಳೆದೆ. ಮೈಲವ್ವ, "ಮೀನಾಕ್ಷಿ, ಸಾವಕಾಶ ಮಾಡ, ಸಾವಕಾಶ" ಎನ್ನುತ್ತಲೇ ಇದ್ದಳು. ಸಾವಕಾಶ ಮಾಡಿದರೆ ಮುಗಿಸುವವರು ಯಾರು?

ಮುಗಿಸಿದೆ. ಹೆಮ್ಮೆಯಿದೆ.

ನವೆಂಬರ್ 27, ಬುಧವಾರ

ಆಫೀಸಿನಿಂದ ಫಾರ್ಮ್ ಬಂದಿತ್ತು. "ಸಿಬ್ಬಂದಿ ತೃಪ್ತಿ ಸಮೀಕ್ಷೆ." ಇರುವೆಯಂಥ ಅಕ್ಷರ. ನಿನ್ನೆಯೇ ಮನೆಗೆ ತಂದು ಮಗಳು ಭುವನಾಳಿಂದ ಓದಿಸಿಕೊಂಡಿದ್ದೆ. ನಿಮ್ಮ ತಂಡದಲ್ಲಿ ಒಗ್ಗಟ್ಟು ಎಷ್ಟು? ನಿಮಗೆ ಕೆಲಸದಲ್ಲಿ ತೃಪ್ತಿ ಎಷ್ಟು? ಒಂದರಿಂದ ಐದರೊಳಗೆ ಗುರುತು ಹಾಕಬೇಕು.

"ಏನ ಹಾಕಬೇಕ ಹೇಳ ಮೀನಾಕ್ಷಿ, ನಿಂದ ನಮ್ಮದು" ಎಂದು ಎಲ್ಲರೂ ತಮ್ಮ ಹಾಳೆ ನನ್ನ ಮಡಿಲಿಗೆ ಹಾಕಿದರು. ಏಳೂ ಹಾಳೆಗೆ ನಾನೇ ಐದು, ಐದು. ಶೀಲಾ ತನ್ನದನ್ನು ತಾನೇ ತುಂಬಿದಳು.

ಶಶಿಕಾಂತ ಸರ್ ಅವಳ ಹಾಳೆ ನೋಡಿ ತಲೆ ಕೆರೆದುಕೊಂಡರು. "ಇದೇನವ್ವಾ, ಒಗ್ಗಟ್ಟಿಗೆ ಐದು, ತೃಪ್ತಿಗೆ ಒಂದು ಹಾಕೀದಿ. ಹಂಗ ಬರಂಗಿಲ್ಲ. ಒಗ್ಗಟ್ಟ ಇದ್ದಲ್ಲಿ ತೃಪ್ತಿ ಇದ್ದ ಇರ್ತೈತಿ. ನಮಗ ಟ್ರೇನಿಂಗಿನ್ಯಾಗ ಹೇಳ್ಯಾರ."

ಶೀಲಾ ಅಂದಳು: "ಒಗ್ಗಟ್ಟ ಅವರದು ಸರ್. ತೃಪ್ತಿ ನಂದು ಕೇಳೀರಿ."

ಸರ್‌ಗೆ ಅರ್ಥವಾಗಲಿಲ್ಲ. ನಮಗೆ ಆಯಿತು. ಯಾರೂ ತಲೆ ಎತ್ತಲಿಲ್ಲ. ಕೊಬ್ಬು ಎಂದಳು ಮೈಲವ್ವ, ಅವರು ಹೋದ ಮೇಲೆ. ನಾನೂ ಹೂಂ ಎಂದೆ. ಆದರೆ ವ್ಯಾನಿನಲ್ಲಿ ರಾಣೇಬೆನ್ನೂರು ಮುಟ್ಟುವ ತನಕ ಆ ಮಾತು ಕಿವಿಯಲ್ಲೇ ಇತ್ತು.

ಜನವರಿ 20, 2025

ಕಾಯಿ ಕಿತ್ತು, ಬೀಜ ತೆಗೆದು, ಒಣಗಿಸಿ ಕಳಿಸಿ ಆಯಿತು. ಎಲ್ಲ ಕೆಂಪು ದಾರದ್ದು, ಎಲ್ಲ ಒಂದೇ ಚೀಲ. ನಾಳೆಯಿಂದ ಟೊಮ್ಯಾಟೊ.

ಮಾರ್ಚ್ 18, ಮಂಗಳವಾರ

ಬರೆಯದೆ ಎರಡು ತಿಂಗಳಾಗಿತ್ತು. ಸುಖ ಇದ್ದಾಗ ಯಾರು ಬರೆಯುತ್ತಾರೆ.

ನಮ್ಮ ಮೆಣಸಿನ ಬೀಜ ಪರೀಕ್ಷೆಯಲ್ಲಿ ಬಿದ್ದಿದೆ. ಬಿತ್ತಿ, ಗಿಡ ಬೆಳೆಸಿ ನೋಡಿದ್ದಾರೆ. ನೂರಕ್ಕೆ ಹದಿಮೂರು ಗಿಡ ಬೇರೆ. ಕೇಸರ ಉಳಿದ ಹೂವಿನವು. ಇಡೀ ಲಾಟ್ ರದ್ದು. ಶಶಿಕಾಂತ ಸರ್ ಕೂರಲೂ ಇಲ್ಲ. "ಯಾರ ಸಾಲು ಅಂತ ನನಗ ಬರದ ಕೊಡ್ರಿ. ಒಂದ ಹೆಸರ ಬೇಕು. ಇಲ್ಲಂದ್ರ ಮುಂದಿನ ಸೀಜನಿಗೆ ಇಡೀ ಗ್ಯಾಂಗ್ ಬ್ಯಾಡ ಅಂದಾರ ಮ್ಯಾಲಿನವರು."

ದಾರ ಎಲ್ಲರದೂ ಕೆಂಪು. ಯಾರ ಸಾಲೆಂದು ದೇವರಿಗೇ ಗೊತ್ತು. ನನಗೆ ಗೊತ್ತಿತ್ತು — ಭರಮವ್ವನದು. ಬೇರೆ ಯಾರದಿರಲು ಸಾಧ್ಯ?

ಊಟ ಯಾರಿಗೂ ಇಳಿಯಲಿಲ್ಲ. ಮೈಲವ್ವ ಶೀಲಾ ಕೂತಿದ್ದ ಡ್ರಮ್ಮಿನ ಕಡೆ ಗದ್ದ ಚಾಚಿದಳು. "ಹೊಸಬಾಕಿ ಅದಾಳಲ್ಲ."

ಅಷ್ಟೇ. ಯಾರೂ ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಮುಮ್ತಾಜಬಿ ರೊಟ್ಟಿ ಮುರಿಯುತ್ತ ಕೂತಳು. ಭರಮವ್ವ ನೆಲ ನೋಡುತ್ತಿದ್ದಳು. ನಾಚಿಕೆಯಿಂದ ಎಂದುಕೊಂಡೆ. ನಿನ್ನನ್ನು ಉಳಿಸುತ್ತೇನೆ ದೊಡ್ಡವ್ವಾ ಎಂದು ಒಳಗೊಳಗೇ ಅಂದುಕೊಂಡು ಪೆನ್ನು ತೆಗೆದೆ. "ಶೀಲಾ ಹೊಸಬಳಾದ್ದರಿಂದ, ಪದೇ ಪದೇ ಹೇಳಿದರೂ ಕೆಲಸದಲ್ಲಿ ಎಚ್ಚರ ವಹಿಸದೆ..." ಬರವಣಿಗೆ ನನ್ನದು. ಐದು ಸಹಿ, ಎರಡು ಹೆಬ್ಬೆಟ್ಟು.

ಮಾರ್ಚ್ 20, ಗುರುವಾರ

ಶೀಲಾಳನ್ನು ಕೆಲಸದಿಂದ ಬಿಡಿಸಿದರು. ಅಳಲಿಲ್ಲ. ಚಿಮಟ ತೊಳೆದು, ಒರೆಸಿ, ನನ್ನ ಕೈಗೇ ಕೊಟ್ಟಳು.

"ಅಕ್ಕಾರ, ಆ ಚೀಟಿ ಬರದಾಕಿ ನೀವ?"

"ಎಲ್ಲಾರೂ ಸೇರಿ ಬರದೇವಿ."

"ಹಂಗಾರ ಯಾರೂ ಬರದಿಲ್ಲ ಬಿಡ್ರಿ."

ಹೋದಳು.

ಏಪ್ರಿಲ್ 10

ಇಷ್ಟು ಒಗ್ಗಟ್ಟು ಹಿಂದೆ ಎಂದೂ ಇರಲಿಲ್ಲ. ವ್ಯಾನಿನಲ್ಲಿ ಹಾಡು, ಚೇಷ್ಟೆ. ಯಾರಾದರೂ ಒಬ್ಬರು ಬರದಿದ್ದರೆ ಉಳಿದವರಿಗೆ ಜೀವ ತಡೆಯುವುದಿಲ್ಲ, ಕೂಡಲೇ ಫೋನು. ಹುಟ್ಟುಹಬ್ಬಕ್ಕೆ ಮುಮ್ತಾಜಬಿ ನನಗೆ ಬಳೆ ತಂದಳು. ಒಟ್ಟಿಗೆ ಪಾಪ ಮಾಡಿದವರು ಒಬ್ಬರನ್ನೊಬ್ಬರು ಬಹಳ ಪ್ರೀತಿಸುತ್ತಾರೆ. ಇದನ್ನು ಯಾವ ಟ್ರೇನಿಂಗಿನಲ್ಲಿ ಹೇಳುತ್ತಾರೋ.

ಶೀಲಾ ಬ್ಯಾಡಗಿಗೆ ಹೋಗುತ್ತಿದ್ದಾಳಂತೆ, ಮೆಣಸಿನಕಾಯಿ ತೊಟ್ಟು ಬಿಡಿಸಲು. ಈ ಕಡೆಯ ಯಾವ ನೆಟ್‌ಹೌಸಿನವರೂ ಕೆಲಸ ಕೊಡಲಿಲ್ಲ. ಒಬ್ಬ ಸೂಪರ್‌ವೈಸರ್ ಇನ್ನೊಬ್ಬನಿಗೆ ಫೋನು ಮಾಡಿದರೆ ಮುಗಿಯಿತು. ಕೈ ಸರಿಯಿಲ್ಲದವಳು ಎಂದು ಹೆಸರು ಬಿದ್ದಿದೆ. ಕೈ!

ಮೇ 4, ಭಾನುವಾರ. ಸಂಜೆ 6

ಇವತ್ತಿನದನ್ನು ಹೇಗೆ ಬರೆಯಲಿ.

ಹಾವೇರಿಯಲ್ಲಿ ಪುಕ್ಕಟೆ ಕಣ್ಣಿನ ಶಿಬಿರ. ಭರಮವ್ವನನ್ನು ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ಬರುವ ಸೀಜನ್ ಮೊದಲಾಗುವುದರೊಳಗೆ ಆಕೆಯ ಕಣ್ಣು ಸರಿ ಮಾಡಿಸಬೇಕು, ಇನ್ನೊಂದು ಸಲ ನಾನು ಯಾರ ಮೇಲೆ ಬರೆಯಲಿ ಎಂದು. ಮುಮ್ತಾಜಬಿಯೂ ಬಂದಳು. ಡಾಕ್ಟರು ಭರಮವ್ವನಿಗೆ ಲೈಟು ಬಿಟ್ಟು ನೋಡಿ, ಸಣ್ಣ ಅಕ್ಷರದ ಹಲಗೆ ತೋರಿಸಿ, ನಕ್ಕರು. "ಅಜ್ಜೀ, ಇನ್ನ ಇಪ್ಪತ್ತ ವರ್ಷ ಸೂಜಿ ಪೋಣಸ್ತೀರಿ. ಆಪರೇಷನ್ ಭಾಳ ಚಲೋ ಆಗೇತಿ."

ನಾನು ನಂಬಲಿಲ್ಲ. ಇನ್ನೊಮ್ಮೆ ನೋಡಿ ಅಂದೆ. ಆಗ ಮುಮ್ತಾಜಬಿ ನನ್ನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಸಾಹೇಬರ, ಈಕೀದು ನೋಡ್ರಿ."

ನೋಡಿದರು. ಹಲಗೆಯ ಕೆಳಗಿನ ನಾಲ್ಕು ಸಾಲು ನನಗೆ ಇರುವೆ ಸಾಲಾಗಿಯೇ ಉಳಿಯಿತು. "ವಯಸ್ಸೆಷ್ಟ್ರಿ? ನಲವತ್ತನಾಲ್ಕಾ? ಚಾಳೀಸು ಬಂದೇತಿ, ಹತ್ತರದ್ದು ಕಾಣಂಗಿಲ್ಲ. ಬಂದು ಎರಡ ಮೂರ ವರ್ಷ ಆಗಿರಬೇಕು. ಏನ ಕೆಲಸ ಮಾಡ್ತೀರಿ?"

ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಹೊರಗೆ ಬೇವಿನ ಮರದ ಕಟ್ಟೆ. ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಭರಮವ್ವನೇ ಅಂದಳು.

"ಎರಡ ವರ್ಷ ಆತವ್ವಾ. ನೀ ಬಿಡಿಸಿದ ಹೂವಿನ್ಯಾಗ ಉಳದ ಕೇಸರ ನಾ ಹಿಂದಿಂದ ತಕ್ಕೋಂತ ಬರ್ತಿದ್ದೆ. ಒಂದ ಕಡಿಂದ ನಾ, ಇನ್ನೊಂದ ಕಡಿಂದ ಮುಮ್ತಾಜ. ನಿನಗ ಹೇಳಿದ್ರ ನೀ ಸಣ್ಣಾಗ್ತೀದಿ. ನೀ ಭಾಳ ಅಭಿಮಾನದಾಕಿ."

"ಮತ್ತ ಒಂದ ಬಣ್ಣದ ದಾರ..."

"ನೀನ ಹೇಳಿದಿ. ನಮಗ ದೇವರ ಬಂದ ಹೇಳಿದಂಗಾತು," ಎಂದಳು ಮುಮ್ತಾಜಬಿ. "ಈಕಿಗೆ ಜ್ವರ, ನಾ ಮದುವ್ಯಾಗ, ಆ ಮೂರ ದಿನ ನಾವಿಬ್ಬರೂ ಇದ್ದಿಲ್ಲ ನೋಡು. ಅಲ್ಲೇ ಕೆಟ್ಟಿತು."

ಎಲ್ಲರಿಗೂ ಗೊತ್ತಿತ್ತು. ಮೈಲವ್ವನಿಗೂ. ಹೊಸಬಾಕಿ ಅದಾಳಲ್ಲ ಎಂದದ್ದು ನನ್ನನ್ನು ಉಳಿಸಲು. ನಾನು ಭರಮವ್ವನನ್ನು ಉಳಿಸುತ್ತಿದ್ದೇನೆ ಎಂದು ದೊಡ್ಡಸ್ತಿಕೆಯಿಂದ ಬರೆಯುತ್ತಿದ್ದರೆ ಆಕೆ ನೆಲ ನೋಡುತ್ತಿದ್ದದ್ದು ನನ್ನ ನಾಚಿಕೆಯನ್ನು ತಾನು ಪಟ್ಟುಕೊಂಡು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದಳಂತೆ. ಆ ಗಾದೆ ಮಾಡಿದವರು ನನ್ನನ್ನು ನೋಡಿರಬೇಕು.

ಶೀಲಾ ಒಬ್ಬಳೇ ನನ್ನ ಮುಖದ ಮೇಲೆ ಹೇಳಿದ್ದು. ಒಬ್ಬಳೇ.

ಮೇ 8, ಗುರುವಾರ

ರಜೆ ಹಾಕಿ ಬ್ಯಾಡಗಿಗೆ ಹೋದೆ. ಮಾರ್ಕೆಟ್ ಯಾರ್ಡಿನ ಹಿಂದಿನ ಶೆಡ್ಡು. ಬಾಗಿಲಲ್ಲೇ ಸೀನು, ಕೆಮ್ಮು. ಕೆಂಪು ರಾಶಿಗಳ ಸುತ್ತ ಮೂಗಿಗೆ ಸೆರಗು ಕಟ್ಟಿದ ನೂರಾರು ಹೆಂಗಸರು. ಕಣ್ಣಷ್ಟೇ ಕಾಣುತ್ತವೆ. ಶೀಲಾಳೇ ನನ್ನನ್ನು ಗುರುತಿಸಿ ಜರುಗಿ ಜಾಗ ಕೊಟ್ಟಳು.

"ಕುಂದರ್ರಿ ಅಕ್ಕಾರ. ಕೈ ಕಣ್ಣಿಗೆ ಹಚ್ಚಬ್ಯಾಡ್ರಿ."

ಹೇಳಿದೆ. ಎಲ್ಲ. ಅವಳ ಬೆರಳು ನಿಲ್ಲಲಿಲ್ಲ — ಮುರಿ, ಎಸೆ, ಮುರಿ, ಎಸೆ.

"ಅದು ನಿಮ್ಮ ಸಾಲು ಅಂತ ನನಗ ಗೊತ್ತಿತ್ತ್ರಿ. ನಿಮಗ ಗೊತ್ತಿಲ್ಲ ಅಂತ ಸುಮ್ಮನಿದ್ದೆ. ಗೊತ್ತಿಲ್ಲದ ಮಾಡಿದಾಕಿ ಮ್ಯಾಲೆ ಸಿಟ್ಟ ಹೆಂಗ ಮಾಡೂದು?"

"ಆದರ ನೀ ಮಾಡಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಬರದೆ."

ಈಗ ಬೆರಳು ನಿಂತವು.

"ಹಂಗಾರ ಅದನ್ನ ಆಫೀಸಿನ್ಯಾಗ ಹೇಳ್ರಿ. ನನಗ್ಯಾಕ ಹೇಳ್ತೀರಿ?"

ಸರಿ. ನನಗೂ ಅದೇ ಸರಿ ಅನಿಸಿದೆ. ಬರುವಾಗ ರೈಲ್ವೆ ಸ್ಟೇಷನ್ನಿನ ನಲ್ಲಿಯಲ್ಲಿ ಮೂರು ಸಲ ಕೈ ತೊಳೆದೆ. ಉರಿ ಹೋಗಲಿಲ್ಲ.

ಮೇ 9

ಊಟದ ಹೊತ್ತಿಗೆ ಹೇಳಿದೆ: ಮಂಗಳವಾರ ಆಫೀಸಿಗೆ ಹೋಗಿ ನಿಜ ಹೇಳುತ್ತೇನೆ.

ಮೈಲವ್ವ: "ಹೇಳು. ಹೇಳಿ ಬಾ. ಸಹಿ ಮಾಡಿದ ಏಳೂ ಮಂದೀನ್ನ ಹೊರಗ ಹಾಕ್ತಾರ. ಸುಳ್ಳ ಬರದ ಕೊಟ್ಟ ಗ್ಯಾಂಗ್ ಅಂತ ಯಾರೂ ಒಳಗ ಕರಿಯಂಗಿಲ್ಲ. ನಿನ್ನ ಮನಸ್ಸ ಹಗುರಾಗ್ತೈತಿ. ನಮ್ಮ ಒಲಿ?"

"ಶೀಲಾನ ಒಲಿ?" ಅಂದೆ.

"ಆಕಿ ನಮ್ಮಾಕಿ ಅಲ್ಲ."

ಎಷ್ಟು ಸರಳ. ಒಂಬತ್ತು ವರ್ಷ ನಾನು ಇದರ ಒಳಗಿದ್ದೆ. ಒಳಗಿದ್ದವರಿಗೆ ಎಷ್ಟು ಬೆಚ್ಚಗೆ! ಬಾಗಿಲ ಹೊರಗೆ ಯಾರು ಮಳೆಯಲ್ಲಿ ನಿಂತಿದ್ದಾರೆಂದು ಎದ್ದು ನೋಡುವವರು ಯಾರು.

ಸಂಜೆ ವ್ಯಾನಿನಲ್ಲಿ ಯಾರೂ ಹಾಡಲಿಲ್ಲ. ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಒಂದೇ ದಿನ. ಶೀಲಾ ಐದು ತಿಂಗಳು ಹೀಗೆ ಇದ್ದಳು.

ಮೇ 13, ಮಂಗಳವಾರ

ರಾಣೇಬೆನ್ನೂರು ಆಫೀಸು. ಹನ್ನೊಂದು ಗಂಟೆ. ಮೆಟ್ಟಿಲ ಮೇಲೆ ಭರಮವ್ವ, ಮುಮ್ತಾಜಬಿ ಆಗಲೇ ನಿಂತಿದ್ದರು. ನನ್ನ ಜೊತೆಗಿರಲು ಬಂದಿದ್ದಾರೆ ಎಂದುಕೊಂಡೆ. ಎಂಥ ದಡ್ಡಿ ನಾನು.

ಒಳಗೆ ಹೋದೆವು. ನಾನು ಬಾಯಿ ತೆರೆಯುವುದರೊಳಗೆ ಭರಮವ್ವ ಶಶಿಕಾಂತ ಸರ್ ಮೇಜಿನ ಮುಂದೆ ಕೈ ಮುಗಿದು ನಿಂತಳು.

"ಸಾಹೇಬರ, ಆ ತಪ್ಪ ನಂದ್ರಿ. ಆ ಹುಡುಗಿದಲ್ಲ. ನನಗ ಕಣ್ಣ ಕಾಣೂದಿಲ್ಲ. ಹೆದರಿ ಹೇಳಿದ್ದಿಲ್ಲ. ಇವರಿಗೆ ಗೊತ್ತಿರಲಿಲ್ಲ, ನಾನ ಆಕಿ ಹೆಸರ ಹೇಳಿದ್ದೆ."

ನಾನಂದೆ: "ಸುಳ್ಳ್ರಿ ಸರ್. ದೊಡ್ಡವ್ವನ ಕಣ್ಣ ಚಲೋ ಅದಾವ. ಅದು ನನ್ನ ಸಾಲು. ಕಣ್ಣ ಕಾಣದಾಕಿ ನಾನು."

ಸರ್ ನನ್ನ ನೋಡಿದರು, ಆಕೆಯ ನೋಡಿದರು, ಕುರ್ಚಿಗೆ ಒರಗಿ ನಕ್ಕರು. ನಿಜವಾಗಿ ಸಂತೋಷದಿಂದ ನಕ್ಕರು. "ನೋಡ್ರಿ ಇದನ್ನ! ಒಬ್ಬರ ತಪ್ಪ ಇನ್ನೊಬ್ಬರು ಮೈಮ್ಯಾಲೆ ಹಾಕ್ಕೊಳ್ಳಾಕ ಜಗಳಾಡಾಕತ್ತಾರ. ಮೀನಾಕ್ಷಿ, ನಿಮ್ಮ ಮನಸ್ಸ ದೊಡ್ಡದು. ಆದರ ಅಜ್ಜೀ ವಯಸ್ಸ ನೋಡಿದ್ರ ಗೊತ್ತಾಗ್ತೈತಲ್ರಿ."

ಮುಮ್ತಾಜಬಿ ಹಿಂದಿನಿಂದ ನನ್ನ ಕೈ ಹಿಡಿದಳು. ಗಟ್ಟಿಯಾಗಿ. ಬಳೆ ಚುಚ್ಚುವಷ್ಟು.

ಚೀಲದಲ್ಲಿ ಡಾಕ್ಟರ ಚೀಟಿ ಇತ್ತು. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಒಂದು ಸಲ ಹೇಳಿದೆ. ಎರಡನೇ ಸಲ ಹೇಳಿದ್ದರೆ ನಂಬುತ್ತಿದ್ದರು.

ಎರಡನೇ ಸಲ ಹೇಳಲಿಲ್ಲ.

ಭರಮವ್ವನನ್ನು ಬಿಡಿಸಿದರು. ಶೀಲಾಳನ್ನು ವಾಪಸ್ ಕರೆಯುತ್ತಾರೆ. ಮೆಟ್ಟಿಲಿಳಿದ ಮೇಲೆ ಭರಮವ್ವ ನನ್ನ ಗಲ್ಲ ಮುಟ್ಟಿದಳು. "ಅಳಬ್ಯಾಡ. ನನಗ ಇನ್ನ ಎಷ್ಟ ದಿನ? ನಿನಗ ಮಗಳ ಓದು ಐತಿ. ಎಲ್ಲಾರೂ ಕೂಡಿ ಚಂದಾಗಿರ್ರಿ."

ಮೇಡ್ಲೇರಿ ಬಸ್ಸಿಗೆ ಆಕೆಯನ್ನು ನಾನೇ ಹತ್ತಿಸಿದೆ.

ಮೇ 14

ವ್ಯಾನಿನಲ್ಲಿ ನನ್ನ ಪಕ್ಕ ಮೈಲವ್ವ ಬಂದು ಕೂತಳು. ಏನೂ ಆಗದವಳ ಹಾಗೆ. ನಾನು ಜರುಗಿ ಜಾಗ ಕೊಟ್ಟೆ.

ಜೂನ್ 9, ಸೋಮವಾರ

ಶೀಲಾ ಬಂದಳು. ನನ್ನ ಮೂಗಿನ ಮೇಲಿನ ಕನ್ನಡಕ ನೋಡಿದಳು.

ಎಲ್ಲರೂ ಅವಳ ಮೇಲೆ ಮುಗಿಬಿದ್ದು ಉಪಚಾರ. ಮೈಲವ್ವ ತನ್ನ ಕೈಯಿಂದ ಅವಳಿಗೆ ಎಣ್ಣೆಗಾಯಿ ಬದನೆಕಾಯಿ ಬಡಿಸಿದಳು. ಮುಮ್ತಾಜಬಿ ಅವಳ ಮಗುವಿನ ಹೆಸರು ಕೇಳಿದಳು — ಎಂಟು ತಿಂಗಳಲ್ಲಿ ಮೊದಲ ಸಲ. ಶೀಲಾ ಮೊದಲು ಬಿಗಿಯಾಗಿದ್ದಳು. ಆಮೇಲೆ ನಕ್ಕಳು. ಅವಳ ನಗು ನಾನು ಕೇಳಿಯೇ ಇರಲಿಲ್ಲ. ಚೆನ್ನಾಗಿದೆ.

ಮಧ್ಯಾಹ್ನ ಅವಳನ್ನು ಸಾಲಿನ ಕೊನೆಗೆ ಕರೆದುಕೊಂಡು ಹೋಗಿ ಹೇಳಿದೆ. "ಭರಮವ್ವನ ತಪ್ಪ ಅಲ್ಲ ಅಂತ ನಿನಗ ಗೊತ್ತೈತಿ. ನೀ ಹೇಳಿದ್ರ ಸರ್ ನಂಬ್ತಾರ. ನೀ ಹೇಳು."

ನನ್ನ ಬಾಯಿಂದ ಬರದದ್ದನ್ನು ಅವಳ ಬಾಯಿಂದ ಹೇಳಿಸಲು ಹೊರಟಿದ್ದೆ. ಅಷ್ಟು ಇಳಿದಿದ್ದೇನೆ.

ಶೀಲಾ ಗಿಡದ ಒಂದು ಬಾಡಿದ ಎಲೆ ಚಿವುಟಿದಳು.

"ಬ್ಯಾಡ್ರಿ ಅಕ್ಕಾರ. ಖರೇ ಹೇಳಿ ಏನಾಗ್ತೈತಿ ಅಂತ ಒಮ್ಮೆ ನೋಡೇನಿ. ಬ್ಯಾಡಗ್ಯಾಗ ಎರಡ ತಿಂಗಳ ಯಾರ ಜೋಡಿನೂ ಮಾತಾಡದ ಕುಂತಿದ್ದೆ. ಇವತ್ತ ಇವರು ಕರದ ಉಣ್ಣಾಕ ಹಾಕಿದ್ರು. ನನಗ ಇಷ್ಟ ಸಾಕು. ನಾನೂ ಏನೂ ಹೇಳೂದಿಲ್ಲ. ನೀವೂ ಇನ್ನ ಬಿಟ್ಟಬಿಡ್ರಿ."

ಮೈಲವ್ವ ಆಚೆಯಿಂದ ಕೂಗಿದಳು — "ಏ ಶೀಲಾ, ಎಲ್ಲಿ ಹೋಗೀದಿ? ಬಾರ ಲಗೂ!" ಅವಳು ಓಡಿದಳು. ಓಡಿದಳು!

ನಿಜ ಹೇಳುವವಳು ಇದ್ದವಳು ಒಬ್ಬಳು. ಅವಳನ್ನೂ ನಮ್ಮವಳನ್ನಾಗಿ ಮಾಡಿಕೊಂಡೆವು. ಹೊರಗೆ ಹಾಕಿ ಮಾಡಲಾಗದ್ದನ್ನು ಒಂದು ಊಟ ಹಾಕಿ ಮಾಡಿದೆವು.

ಜೂನ್ 12, ಗುರುವಾರ

ಶಶಿಕಾಂತ ಸರ್ ಬಂದಿದ್ದರು. ಬರುವ ಸೀಜನ್ನಿಗೆ ಗ್ಯಾಂಗ್ ಖಾಯಂ. ಬೇರೆ ನೆಟ್‌ಹೌಸಿನವರಿಗೆಲ್ಲ ನಮ್ಮ ಕಥೆ ಹೇಳುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕನ್ನಡಕ ಬಂದ ಮೇಲೆ ಕೆಲಸ ನಿಧಾನವಾಗಿದೆ. ಒಂದೊಂದು ಹೂವಿನಲ್ಲೂ ಎಷ್ಟೆಲ್ಲ ಇದೆ. ನನ್ನ ಹಿಂದೆ ಈಗ ಯಾರೂ ಬರುವುದಿಲ್ಲ.

ಭರಮವ್ವನ ಮನೆ ನೆಟ್‌ಹೌಸಿನಿಂದ ಒಂದು ಮೈಲಿಯೂ ಇಲ್ಲ. ಗೇಟಿನಲ್ಲಿ ನಿಂತರೆ ಆಕೆಯ ಓಣಿಯ ನೀರಿನ ಟಾಕಿ ಕಾಣುತ್ತದೆ. ಆಕೆ ಬಿಟ್ಟು ಒಂದು ತಿಂಗಳಾಯಿತು. ಏಳು ಜನರಲ್ಲಿ ಒಬ್ಬರೂ ಹೋಗಿಲ್ಲ. ಆಕೆಯ ಹೆಸರನ್ನು ಯಾರೂ ಎತ್ತುವುದೂ ಇಲ್ಲ. ಕೆಲಸ ಬಿಟ್ಟವರು ನಮ್ಮವರಲ್ಲ ಎಂದು ಯಾರು ಯಾವಾಗ ಠರಾವು ಮಾಡಿದರೋ. ನಾನಂತೂ ಮಾಡಲಿಲ್ಲ. ನಾನೂ ಹೋಗಲಿಲ್ಲ.

ನಾಳೆ ಸಂಜೆ ವ್ಯಾನು ಹತ್ತುವುದಿಲ್ಲ. ನಡೆದು ಹೋಗುತ್ತೇನೆ. ಬೈದರೆ ಒಳ್ಳೆಯದಿತ್ತು, ಆಕೆ ಬೈಯುವವಳಲ್ಲ. ಬಾಗಿಲಿಗೆ ಬಂದು, "ಎಲ್ಲಾರೂ ಚಂದಾಗಿ ಅದೀರಿಲ್ಲೋ?" ಎಂದು ಕೇಳುತ್ತಾಳೆ. ಮೊದಲು ಅದನ್ನೇ ಕೇಳುತ್ತಾಳೆ. ಹೌದು ದೊಡ್ಡವ್ವಾ, ಎಲ್ಲರೂ ಚೆನ್ನಾಗಿದ್ದೇವೆ ಅನ್ನಬೇಕು. ಸುಳ್ಳೂ ಅಲ್ಲ. ಚೆನ್ನಾಗಿಯೇ ಇದ್ದೇವೆ. ನೀನಿಲ್ಲದೆಯೂ ನಾವು — ಇಲ್ಲ, ಇದನ್ನು ಬರೆಯಲಾರೆ.